ವಿಳಾಸ ಸಾಲದಾದಾಗ

ಊರು ಬೆಳೆದಂತೆ ಹೊಸ ಮನೆಗಳನ್ನು ಕಟ್ಟಬಹುದು. ಆದರೆ ಮನೆಯ ಸಂಖ್ಯೆ ಎರಡೇ ಅಂಕಿಗಳಲ್ಲಿರಬೇಕೆಂದು ಹಿರಿಯರು ಕಟ್ಟಳೆ ಮಾಡಿಟ್ಟಿದ್ದರೆ, ನೂರರಾಚೆಯ ಮನೆಗೆ ಅಂಚೆಯವನು ಕಾಗದ ಮುಟ್ಟಿಸುವ ಬಗೆ ಹೇಗೆ? ಗಣಕಯಂತ್ರದ ಇತಿಹಾಸದಲ್ಲಿ ಇಂಥದೇ ಒಂದು ಪ್ರಸಂಗ ನಡೆದಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನಲ್ಲಿ, ಹಿಂದೆ ಉಣ್ಣೆಯ ಗಿರಣಿಯಾಗಿದ್ದ ಕಟ್ಟಡದಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ನೆಲೆಗೊಂಡಿತ್ತು. 1970ರಲ್ಲಿ ಅದು ಪಿಡಿಪಿ-11 ಎಂಬ ಯಂತ್ರವನ್ನು ಹೊರತಂದಿತು. ದೈತ್ಯಯಂತ್ರಗಳನ್ನು ಕೊಳ್ಳಲಾರದ ಪ್ರಯೋಗಶಾಲೆಗಳಿಗೂ ವಿಶ್ವವಿದ್ಯಾಲಯಗಳಿಗೂ ಅದು ವರವಾಗಿ ಪರಿಣಮಿಸಿತು. ಅದರ ಸ್ಮೃತಿಕೋಶದ ಒಂದೊಂದು ಮನೆಗೂ 16 ಬಿಟ್‌ಗಳ, ಎಂದರೆ ಸೊನ್ನೆ ಅಥವಾ ಒಂದು ಎಂಬ 16 ಅಂಕಿಗಳ ವಿಳಾಸ. ಇಷ್ಟರಿಂದ ಗುರುತಿಸಬಹುದಾದ ಮನೆಗಳು 65,536 ಮಾತ್ರ. ಅಯಸ್ಕಾಂತೀಯ ಗುಣವುಳ್ಳ ಕಿರುಬಳೆಗಳನ್ನು ತಂತಿಗೆ ಪೋಣಿಸಿ ಸ್ಮೃತಿಯನ್ನು ರಚಿಸುತ್ತಿದ್ದ ಆ ದುಬಾರಿ ಕಾಲದಲ್ಲಿ ಅದು ಧಾರಾಳವೆಂದೇ ತೋರಿತು.

ಆದರೆ ಸ್ಮೃತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು, ಬೇಡಿಕೆ ಏರಿತು. 1972ರ ಪಿಡಿಪಿ-11/45ರಲ್ಲಿ ಸ್ಮೃತಿಕೋಶದ ವಿಳಾಸವನ್ನು 18 ಬಿಟ್‌ಗಳಿಗೂ, 1975ರ ಪಿಡಿಪಿ-11/70ರಲ್ಲಿ 22 ಬಿಟ್‌ಗಳಿಗೂ ಹಿಗ್ಗಿಸಿದರು. ಮನೆಗಳೇನೋ 41,94,304 ಆದವು. ಆದರೆ ಕ್ರಮವಿಧಿಯೊಳಗೆ ಬರೆಯುವ ವಿಳಾಸ ಹಳೆಯ 16 ಬಿಟ್‌ಗಳದೇ ಆಗಿ ಉಳಿಯಿತು. ಆದೇಶಗಳಿಗೂ ದತ್ತಾಂಶಕ್ಕೂ ಬೇರೆ ಬೇರೆ ಅವಕಾಶವಿತ್ತರೂ ಒಂದು ಕ್ರಮವಿಧಿಗೆ ಒಮ್ಮೆಗೆ ಕಾಣುತ್ತಿದ್ದುದು 65,536ರ ಎರಡರಷ್ಟು ಮಾತ್ರ. ದೊಡ್ಡ ಕ್ರಮವಿಧಿಯನ್ನು ತುಂಡರಿಸಿ, ಒಂದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಇರಿಸುವ ಕಷ್ಟ ಬರೆಯುವವರ ಪಾಲಿಗೆ ಬಂದಿತು. ಕಣಜ ತುಂಬಿದ್ದರೂ ಕೈ ಹಾಕುವ ಕಿಂಡಿ ಕಿರಿದಾಗಿತ್ತು.

ಇಲ್ಲಿ ಮೆಚ್ಚತಕ್ಕ ಸಂಗತಿಯೊಂದುಂಟು. 1976ರಲ್ಲಿ ಆ ಸಂಸ್ಥೆಯ ತಂತ್ರಜ್ಞರಾದ ಗಾರ್ಡನ್ ಬೆಲ್ ಮತ್ತು ವಿಲಿಯಂ ಸ್ಟ್ರೆಕರ್ ತಮ್ಮ ಯಂತ್ರದ ಗುಣದೋಷಗಳನ್ನು ತಾವೇ ವಿಮರ್ಶಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಗಣಕಯಂತ್ರದ ರಚನೆಯಲ್ಲಿ ಸುಲಭವಾಗಿ ತಿದ್ದಿಕೊಳ್ಳಲಾಗದ ತಪ್ಪು ಒಂದೇ, ಅದು ವಿಳಾಸಕ್ಕೆ ಸಾಕಷ್ಟು ಬಿಟ್‌ಗಳನ್ನು ಕೊಡದಿರುವುದು ಎಂಬುದು ಅವರ ನಿರ್ಣಯ. ಯಶಸ್ಸು ಕೈಗೂಡಿದ್ದಾಗಲೇ ಲೋಕದ ಮುಂದೆ ದೋಷವನ್ನು ಒಪ್ಪಿಕೊಳ್ಳುವುದು ಸಾಮಾನ್ಯ ಮಾತಲ್ಲ.

ಆ ಅರಿವಿನ ಫಲವೇ 1977ರಲ್ಲಿ ಪ್ರಕಟವಾದ ವ್ಯಾಕ್ಸ್-11/780. 'ವಿಳಾಸದ ವಿಸ್ತರಣೆ' ಎಂಬ ಅರ್ಥ ಅದರ ಹೆಸರಿನಲ್ಲಿಯೇ ಅಡಗಿದೆ. ಅದರ 32 ಬಿಟ್‌ಗಳ ವಿಳಾಸಗಳು 4,29,49,67,296. ಹಳೆಯ ಕ್ರಮವಿಧಿಗಳನ್ನೂ ನಡೆಸುವ ಏರ್ಪಾಡು ಅದರಲ್ಲಿತ್ತು. ಅಷ್ಟೂ ಸಾಲದೆಂದು 1992ರಲ್ಲಿ ಅದೇ ಸಂಸ್ಥೆ 64 ಬಿಟ್‌ಗಳ ಆಲ್ಫಾ ಯಂತ್ರವನ್ನು ತಂದಿತು.

ಸ್ಮೃತಿ ಕಡಿಮೆಯಾದರೆ ನಾಳೆ ಕೊಂಡು ತುಂಬಬಹುದು. ವಿಳಾಸವಾದರೋ ಪ್ರತಿಯೊಂದು ಕ್ರಮವಿಧಿಯಲ್ಲಿಯೂ ಬೇರೂರಿರುತ್ತದೆ. ಅದನ್ನು ಬದಲಿಸುವುದೆಂದರೆ ಬುನಾದಿಯನ್ನೇ ಅಗೆಯುವುದು. ಇಂದಿನ ಉಳಿತಾಯದಲ್ಲಿ ಯಾವುದು ನಾಳಿನವರ ಸಾಲವಾದೀತೆಂದು ವಿವೇಚಿಸುವುದು ಯಂತ್ರ ಕಟ್ಟುವವರಿಗಷ್ಟೇ ಅಲ್ಲ, ಏನನ್ನಾದರೂ ಕಟ್ಟಹೊರಟ ಎಲ್ಲರಿಗೂ ಕರ್ತವ್ಯವಾಗಿದೆ.