ಹಿಂತಿರುಗಿ ಬರುವಿರಾ?

ನಮ್ಮ ಬೀದಿಯ ಹುಡುಗನೊಬ್ಬ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಉನ್ನತ ವ್ಯಾಸಂಗಕ್ಕೆಂದು ಹೊರಟಿದ್ದ. ಪ್ರವೇಶ ದೊರೆತಿತ್ತು; ಬ್ಯಾಂಕಿನ ಸಾಲ ಮಂಜೂರಾಗಿತ್ತು. ಉಳಿದಿದ್ದುದು ಚೆನ್ನೈಯ ಕಾನ್ಸಲೇಟಿನಲ್ಲಿ ನಡೆಯಬೇಕಾಗಿದ್ದ ವೀಸಾ ಸಂದರ್ಶನ ಒಂದೇ. ಅದಕ್ಕಾಗಿ ಅವನು ಹದಿನೈದು ದಿನ ನಡೆಸಿದ ತಾಲೀಮನ್ನು ನಾನು ಕಣ್ಣಾರೆ ಕಂಡೆ. ಸಂಜೆಯಾಯಿತೆಂದರೆ ಅವನ ಅಕ್ಕ ಊಟದ ಮೇಜಿನ ಆಚೆ ಅಧಿಕಾರಿಯಾಗಿ ಕುಳಿತುಕೊಳ್ಳುವಳು. ಇವನು ಈಚೆ ನಿಂತು ಉತ್ತರ ಒಪ್ಪಿಸುವನು. ಅಮೆರಿಕಕ್ಕೇ ಏಕೆ ಹೋಗಬೇಕು? ಈ ವಿಷಯವನ್ನು ನಿಮ್ಮ ದೇಶದಲ್ಲಿ ಕಲಿಯಲಾಗದೆ? ಹಣ ಕೊಡುವವರು ಯಾರು? ಓದು ಮುಗಿದ ಮೇಲೆ ಹಿಂತಿರುಗಿ ಬರುವಿರಾ? ಮೊದಲ ಮೂರು ಪ್ರಶ್ನೆಗಳಿಗೆ ಅವನ ಉತ್ತರ ನಿರರ್ಗಳ. ನಾಲ್ಕನೆಯದಕ್ಕೆ ದಿನವೂ ತೊದಲುತ್ತಿದ್ದ. "ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲವಲ್ಲ ತಾತ, ಏನು ಹೇಳಲಿ?" ಎಂದು ಒಂದು ದಿನ ನನ್ನನ್ನೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಪ್ರಶ್ನೆ ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ನಮ್ಮ ಊಟದ ಮೇಜಿನವರೆಗೆ ಬಂದಿತೆಂಬ ಕುತೂಹಲ ಅಂದಿನಿಂದ ನನ್ನನ್ನು ಹಿಡಿಯಿತು.

ಈ ನಾಲ್ಕು ಪ್ರಶ್ನೆಗಳಿಗೆ ನಮ್ಮ ದೇಶದಲ್ಲಿ ಬಹಿರಂಗವಾಗಿ ಉತ್ತರ ಹೇಳಿದವರಲ್ಲಿ ಮೊದಲಿಗರ ಪಂಕ್ತಿಗೆ ಸೇರಿದವಳು ಹದಿನೆಂಟು ಇನ್ನೂ ತುಂಬದಿದ್ದ ಒಬ್ಬ ಮರಾಠಿ ಹೆಣ್ಣುಮಗಳು. 1883ರ ಫೆಬ್ರುವರಿಯಲ್ಲಿ, ಕಲ್ಕತ್ತೆಯ ಸಮೀಪದ ಸೇರಾಂಪುರದ ಕಾಲೇಜಿನಲ್ಲಿ ಆನಂದೀಬಾಯಿ ಜೋಶಿ ಸಭೆಯ ಮುಂದೆ ಎದ್ದು ನಿಂತು, ತಾನು ವೈದ್ಯಶಾಸ್ತ್ರ ಕಲಿಯಲು ಅಮೆರಿಕಕ್ಕೆ ಹೋಗುತ್ತಿರುವುದೇಕೆಂದು ವಿವರಿಸಿದಳು. ಅಮೆರಿಕಕ್ಕೆ ಏಕೆ, ಇಲ್ಲಿ ಕಲಿಯಲು ಅನುಕೂಲವಿಲ್ಲವೆ, ಗಂಡನನ್ನು ಬಿಟ್ಟು ಒಬ್ಬಳೇ ಹೋಗುವುದೇಕೆ, ಹಿಂತಿರುಗಿದ ಮೇಲೆ ಜಾತಿಯಿಂದ ಬಹಿಷ್ಕಾರವಾಗದೆ ಎಂದು ಜನ ಕೇಳುತ್ತಿದ್ದ ಪ್ರಶ್ನೆಗಳನ್ನು ತಾನೇ ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದಳು. ಹಿಂದುವಾಗಿ ಹೋಗಿ ಹಿಂದುವಾಗಿಯೇ ಬರುತ್ತೇನೆಂಬುದು ಅವಳ ಮಾತಿನ ಸಾರ. ಆಗ ಅವಳಿಗೆ ವೀಸಾ ಬೇಕಾಗಿರಲಿಲ್ಲ. ಹಡಗಿನ ಟಿಕೆಟ್ಟು ಸಾಕಾಗಿತ್ತು. ಪರೀಕ್ಷೆ ಮಾಡುತ್ತಿದ್ದುದು ಪರದೇಶದ ಸರಕಾರವಲ್ಲ, ತನ್ನದೇ ಸಮಾಜ. ಅವಳು 1886ರ ಮಾರ್ಚಿಯಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದಳು. ಕೊಟ್ಟ ಮಾತಿನಂತೆ ಆ ವರ್ಷವೇ ಹಿಂತಿರುಗಿದಳು. ಕ್ಷಯ ಅವಳನ್ನು ಆಗಲೇ ಹಿಡಿದಿತ್ತು. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡಳು.

ಅಮೆರಿಕದ ಸರಕಾರವೇ ಈ ಪ್ರಶ್ನೆಗಳನ್ನು ಕೇಳತೊಡಗಿದ್ದು ನಮ್ಮನ್ನಲ್ಲ, ಚೀನೀಯರನ್ನು. ಪಶ್ಚಿಮ ತೀರದಲ್ಲಿ ರೈಲುದಾರಿ ಹಾಕಿದ, ಗಣಿ ತೋಡಿದ ಚೀನೀ ಕೂಲಿಗಳು ಇನ್ನು ಬರಕೂಡದೆಂದು 1882ರಲ್ಲಿ ಕಾನೂನಾಯಿತು. ವರ್ತಕರು, ಉಪಾಧ್ಯಾಯರು, ಪ್ರವಾಸಿಗಳು, ವಿದ್ಯಾರ್ಥಿಗಳು ಮಾತ್ರ ಅದರಿಂದ ಹೊರಗೆ. ಕಷ್ಟ ಮೊದಲಾದುದು ಅಲ್ಲಿಯೇ. ಹಡಗಿನಿಂದ ಇಳಿಯುವ ಯುವಕ ವಿದ್ಯಾರ್ಥಿಯೋ, ಪುಸ್ತಕ ಹಿಡಿದ ಕೂಲಿಯೋ ಎಂದು ಹೇಳುವವರು ಯಾರು? 1884ರ ತಿದ್ದುಪಡಿ ಅದಕ್ಕೊಂದು ಉಪಾಯ ಹೂಡಿತು. ಅವನು ತನ್ನ ಸರಕಾರದಿಂದ ಪ್ರಮಾಣಪತ್ರ ತರಬೇಕು. ಅದರಲ್ಲಿರುವುದು ನಿಜವೇ ಎಂದು ಅಮೆರಿಕದ ಪ್ರತಿನಿಧಿ ಅಲ್ಲಿಯೇ ವಿಚಾರಿಸಿ ರುಜು ಹಾಕಬೇಕು. ನಮ್ಮ ಹುಡುಗ ನಿಲ್ಲುವ ಕಿಟಕಿಯ ಮೂಲ ಇದು. 1900ರಲ್ಲಿ ಖಜಾನೆ ಇಲಾಖೆ ವಿದ್ಯಾರ್ಥಿ ಎಂಬ ಮಾತಿಗೆ ಅರ್ಥವನ್ನೂ ನಿಗದಿಮಾಡಿತು. ಉನ್ನತ ವ್ಯಾಸಂಗಕ್ಕೋ, ಸ್ವದೇಶದಲ್ಲಿ ಕಲಿಯಲು ಸೌಕರ್ಯವಿಲ್ಲದ ವೃತ್ತಿಗೋ ಬರುವವನು, ಖರ್ಚಿಗೆ ಏರ್ಪಾಡುಳ್ಳವನು, ಓದು ಮುಗಿದೊಡನೆ ಹೊರಟುಹೋಗುವ ಉದ್ದೇಶವುಳ್ಳವನು ವಿದ್ಯಾರ್ಥಿ. ನೂರು ವರ್ಷಗಳಿಗೂ ಹಿಂದೆ ಕೂಲಿಗಳನ್ನು ದೂರವಿಡಲು ಹೊಸೆದ ಈ ಹಗ್ಗವನ್ನೇ ನಮ್ಮ ಬೀದಿಯ ಅಕ್ಕ ತಮ್ಮಂದಿರು ಊಟದ ಮೇಜಿನ ಆಚೀಚೆ ಹಿಡಿದು ಜಗ್ಗುತ್ತಿದ್ದರು.

ತಾಲೀಮಿಗೂ ಅಷ್ಟೇ ಹಳೆಯ ಚರಿತ್ರೆಯುಂಟು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜನನದ ದಾಖಲೆಗಳು ಸುಟ್ಟುಹೋದುವು. ಅಲ್ಲಿಯೇ ಹುಟ್ಟಿದೆವೆಂದು ಹೇಳಿಕೊಂಡ ಚೀನೀಯರು ಪೌರರಾದರು. ಅವರ ಮಕ್ಕಳೆಂದು ಹೇಳಿಕೊಂಡು ಊರಿನಿಂದ ಹುಡುಗರು ಬರತೊಡಗಿದರು. ಅವರನ್ನು 'ಕಾಗದದ ಮಕ್ಕಳು' ಎಂದು ಕರೆಯುತ್ತಾರೆ. 1910ರಿಂದ 1940ರವರೆಗೆ ಇಂಥವರನ್ನು ಏಂಜೆಲ್ ದ್ವೀಪದ ಠಾಣೆಯಲ್ಲಿ ಕೂಡಿಹಾಕಿ ಪ್ರಶ್ನಿಸುತ್ತಿದ್ದರು. ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿಯ ಕಣಜ ಯಾವ ಮೂಲೆಯಲ್ಲಿದೆ? ಎದುರು ಸಾಲಿನ ಮೂರನೆಯ ಮನೆ ಯಾರದು? ತಂದೆಯೆನಿಸಿದವನ ಹೇಳಿಕೆಗೂ ಮಗನೆನಿಸಿದವನ ಹೇಳಿಕೆಗೂ ತಾಳೆಯಾಗಬೇಕು. ಅದಕ್ಕಾಗಿ ತರಬೇತಿಯ ಕಾಗದಗಳಿದ್ದುವು. ಹುಡುಗರು ಹಡಗಿನಲ್ಲಿ ಅವನ್ನು ಬಾಯಿಪಾಠ ಮಾಡಿ, ತೀರ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು. ನಿಜವಾದ ಮಗನಿಗೂ ಈ ಪಾಠ ತಪ್ಪಲಿಲ್ಲ. ತನ್ನ ಮನೆಯ ಮೆಟ್ಟಿಲುಗಳನ್ನು ಎಣಿಸಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ಸತ್ಯವನ್ನು ಕೂಡ ಗಟ್ಟಿಮಾಡಿಕೊಂಡು ಹೋಗಬೇಕಾದ ಸ್ಥಿತಿ ಅದು. ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾದವರು ಮರದ ಗೋಡೆಗಳ ಮೇಲೆ ಪದ್ಯಗಳನ್ನು ಕೆತ್ತಿದ್ದಾರೆ; ಅವು ಈಗಲೂ ಇವೆ.

ಭಾರತೀಯರ ಸರದಿ 1917ರಲ್ಲಿ ಬಂದಿತು. ಏಷ್ಯದ ಬಹುಭಾಗಕ್ಕೆ ಗೆರೆ ಎಳೆದು ಆ ಭಾಗದವರು ಬರಕೂಡದೆಂದ ಕಾನೂನು ವಿದ್ಯಾರ್ಥಿಗೆ ಸಂದಿ ಬಿಟ್ಟಿತು. ಆ ಸಂದಿಯಲ್ಲಿಯೇ 1922ರಲ್ಲಿ ಜಯಪ್ರಕಾಶ ನಾರಾಯಣರು ಕ್ಯಾಲಿಫೋರ್ನಿಯಕ್ಕೆ ಹೋದರು. ದ್ರಾಕ್ಷಿ ತೋಟಗಳಲ್ಲಿ ದುಡಿದು ಓದಿ 1929ರಲ್ಲಿ ಹಿಂತಿರುಗಿದರು. 1924ರ ಕಾನೂನು ಇನ್ನೊಂದು ದೊಡ್ಡ ಬದಲಾವಣೆ ತಂದಿತು. ಅದುವರೆಗೆ ಹೆಚ್ಚಿನ ವಿಚಾರಣೆ ಅಮೆರಿಕದ ಬಂದರಿನಲ್ಲಿ. ಇನ್ನು ಮುಂದೆ ಕಾನ್ಸಲನ ವೀಸಾ ಕೈಯಲ್ಲಿಲ್ಲದೆ ಹಡಗು ಹತ್ತುವಂತಿಲ್ಲ. ದ್ವಾರಪಾಲಕ ತನ್ನ ಬಾಗಿಲನ್ನು ಬಿಟ್ಟು ನಮ್ಮ ಊರಿಗೇ ಬಂದು ಕುಳಿತನೆನ್ನಬಹುದು.

ಟ್ರೂಮನ್ ಅಧ್ಯಕ್ಷರ ನಿರಾಕರಣೆಯನ್ನೂ ಮೀರಿ 1952ರಲ್ಲಿ ಅಂಗೀಕಾರವಾದ ಕಾನೂನೇ ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿರುವುದು. ಬಂದವರೆಲ್ಲರೂ ನೆಲಸಲೆಂದೇ ಬಂದವರು ಎಂದು ಊಹಿಸಿಕೊಳ್ಳತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಬಂದವನದು, ತೃಪ್ತಿಯಾಗಬೇಕಾದುದು ಅಧಿಕಾರಿಗೆ. ತನ್ನ ದೇಶದ ಮನೆಯನ್ನು ತೊರೆಯುವ ಉದ್ದೇಶ ತನಗಿಲ್ಲವೆಂದು ವಿದ್ಯಾರ್ಥಿ ತೋರಿಸಬೇಕು. ನಮ್ಮ ನ್ಯಾಯಾಲಯಗಳಲ್ಲಿ ಆರೋಪಿಯನ್ನು ನಿರಪರಾಧಿಯೆಂದು ಭಾವಿಸಿಕೊಂಡು ವಿಚಾರಣೆ ಮೊದಲಾಗುತ್ತದೆ. ಇಲ್ಲಿ ಅದು ತಲೆಕೆಳಗು. ಆ ದೇಶಕ್ಕೆ ತನ್ನ ಬಾಗಿಲನ್ನು ಕಾಯುವ ಹಕ್ಕಿದೆ, ನಾನು ಅಲ್ಲಗಳೆಯುವುದಿಲ್ಲ. ಸುಳ್ಳು ಹೇಳಿ ನುಸುಳುವವರೂ ಇದ್ದಾರೆ. ಆದರೆ ಆ ದೇಶದ ಮನಸ್ಸಾದರೂ ಒಂದಾಗಿದೆಯೆ? 1965ರಲ್ಲಿ ಅದೇ ಕಾನೂನನ್ನು ತಿದ್ದಿ, ವಿದ್ಯಾವಂತರಿಗೂ ಕುಶಲರಿಗೂ ನೆಲಸಲು ಆದ್ಯತೆಯ ದಾರಿ ತೆರೆದರು. ಓದು ಮುಗಿಸಿದವರಿಗೆ ತರಬೇತಿಯ ಹೆಸರಿನಲ್ಲಿ ಕೆಲಸಕ್ಕೂ ಅವಕಾಶವಾಯಿತು. ಹೊಸ್ತಿಲಲ್ಲಿ ಹೋಗುವೆನೆಂದು ಆಣೆ ಇಡಿಸಿಕೊಂಡು, ಒಳಗೆ ಬಂದ ಮೇಲೆ ಕೂರಲು ಮಣೆ ಹಾಕುವ ಆತಿಥ್ಯ ಇದು.

ಕರ್ನಾಟಕದ ವಿದ್ಯಾರ್ಥಿಗಳು ಈ ಪರೀಕ್ಷೆಗೆ ದಶಕಗಳ ಕಾಲ ಮದರಾಸಿಗೆ ಹೋದರು. ರಾತ್ರಿಯ ರೈಲು, ಜೆಮಿನಿ ವೃತ್ತದ ಬಳಿಯ ಕಟ್ಟಡ, ಕಂಕುಳಲ್ಲಿ ಕಾಗದಗಳ ಕಟ್ಟು. ಮನೆಯ ಕ್ರಯಪತ್ರ, ತಂದೆಯ ಸಂಬಳದ ಚೀಟಿ, ಅಜ್ಜಿಯ ಹೆಸರಿನ ಠೇವಣಿ, ಎಲ್ಲವೂ ಈ ಹುಡುಗ ಹಿಂತಿರುಗುವನೆಂಬುದಕ್ಕೆ ಸಾಕ್ಷಿ. ವಿದೇಶೀ ವಿನಿಮಯ ದುರ್ಲಭವಾಗಿದ್ದ ಆ ಕಾಲದಲ್ಲಿ ಎಂಟು ಡಾಲರುಗಳನ್ನು ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದವರ ಕಥೆಗಳನ್ನು ಕೇಳದವರಿಲ್ಲ. 2001ರ ದಾಳಿಯ ಅನಂತರ ತನಿಖೆ ಬಿಗಿಯಾಯಿತು. ಕೆಲವರಿಗೆ ವಿನಾಯಿತಿಯಿದ್ದ ಸಂದರ್ಶನವನ್ನು 2004ರ ಕಾನೂನು ಬಹುಮಟ್ಟಿಗೆ ಕಡ್ಡಾಯಗೊಳಿಸಿತು. ಹೈದರಾಬಾದಿನ ಹತ್ತಿರದ ಚಿಲ್ಕೂರಿನ ಬಾಲಾಜಿಗೆ ಜನ ವೀಸಾ ದೇವರೆಂದು ಹೆಸರಿಟ್ಟರು. ಬೇಡಿಕೊಳ್ಳುವಾಗ ಹನ್ನೊಂದು ಪ್ರದಕ್ಷಿಣೆ, ಕೈಗೂಡಿದ ಮೇಲೆ ನೂರೆಂಟು. ದೇವರಾದರೂ ನಾಲ್ಕನೆಯ ಪ್ರಶ್ನೆಯನ್ನು ಕೇಳುವುದಿಲ್ಲ.

ಹಿಂತಿರುಗುವೆಯಾ ಎಂದು ಕೇಳುವ ಅಧಿಕಾರಿ, ಹಿಂತಿರುಗಿದವನಿಗೆ ಊರು ಏನು ಕೊಟ್ಟಿತೆಂದು ಕೇಳುವುದಿಲ್ಲ. ಅದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿಗೆ ಹೋದ ಅಂಬೇಡ್ಕರರು, ಓದಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಕರಾರು ಬರೆದುಕೊಟ್ಟಿದ್ದರು. 1917ರಲ್ಲಿ ಅದರಂತೆ ಬರೋಡಕ್ಕೆ ಬಂದರು. ಊರಿನಲ್ಲಿ ಅವರಿಗೆ ಇರಲು ಮನೆ ಸಿಕ್ಕಲಿಲ್ಲ. ಪಾರ್ಸಿಗಳ ತಂಗುಮನೆಯೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ಮುಂಬಯಿಯ ರೈಲು ಹಿಡಿದರು. ಈ ಪ್ರಸಂಗವನ್ನು ಅವರು ಮುಂದೆ ಬರೆದಿಟ್ಟರು. ಆ ಬರಹವನ್ನು ಒಳಗೊಂಡ ಪುಸ್ತಿಕೆ 1990ರಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಶೀರ್ಷಿಕೆಯ ಅರ್ಥ 'ವೀಸಾಕ್ಕಾಗಿ ಕಾಯುತ್ತ' ಎಂದು. ಅದರಲ್ಲಿ ಬರುವ ಊರುಗಳೆಲ್ಲ ನಮ್ಮ ದೇಶದವು.

ಇನ್ನು ಹಿಂತಿರುಗದವರು. ಮೈಸೂರಿನ ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ 1959ರಲ್ಲಿ ಇಂಡಿಯಾನಕ್ಕೆ ಹೋದರು. ಅನಂತರ ಷಿಕಾಗೋದಲ್ಲಿ ಅಧ್ಯಾಪಕರಾಗಿ, 1993ರಲ್ಲಿ ಅಲ್ಲಿಯೇ ನಿಧನರಾದರು. ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು, 1966ರಲ್ಲಿ ಪಿಎಚ್.ಡಿ. ಪಡೆದು ಹಿಂತಿರುಗಿದರು. ಮಲೆನಾಡಿನ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಅವರು ಬರೆದುದು ಆ ಇಂಗ್ಲಿಷ್ ಊರಿನಲ್ಲಿ. ಅದನ್ನು 1976ರಲ್ಲಿ ಇಂಗ್ಲಿಷಿನಲ್ಲಿ ಲೋಕಕ್ಕೆ ಕೊಟ್ಟವರು ಷಿಕಾಗೋದ ರಾಮಾನುಜನ್. ಇಬ್ಬರಲ್ಲಿ ಊರು ಬಿಟ್ಟವರು ಯಾರು, ಉಳಿದವರು ಯಾರು ಎಂದು ತೀರ್ಮಾನಿಸುವ ಕೆಲಸವನ್ನು ನನಗೆ ಕೊಟ್ಟರೆ ನಾನು ಒಲ್ಲೆ. ಕಾನ್ಸಲನ ಮೇಜಿನ ಮುಂದೆ ಇಪ್ಪತ್ತೆರಡರ ಹುಡುಗ ಅದನ್ನು ಎರಡು ನಿಮಿಷದಲ್ಲಿ ತೀರ್ಮಾನಿಸಬೇಕು, ಅದೂ ಆಗುವ ಮೊದಲೇ.

ನಮ್ಮ ಬೀದಿಯ ಹುಡುಗನಿಗೆ ವೀಸಾ ಆಯಿತು. ಅಧಿಕಾರಿ ಮೊದಲ ಮೂರನ್ನು ಕೇಳಿ ಸಾಕೆಂದರಂತೆ. ನಾಲ್ಕನೆಯದನ್ನು ಕೇಳಲೇ ಇಲ್ಲವಂತೆ. ಈಗ ಅದನ್ನು ಅವನ ತಾಯಿ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ.