ಸೇಲಂ–ಧರ್ಮಪುರಿಯಲ್ಲಿ ಸರ್ಕಾರಿ ವಿದ್ಯುತ್ತಿನ ಪ್ರಚಾರ

ಸೇಲಂ ಮತ್ತು 1965ರವರೆಗೂ ಅದರ ಭಾಗವೇ ಆಗಿದ್ದ ಧರ್ಮಪುರಿಯಲ್ಲಿ ಸರ್ಕಾರಿ ವಿದ್ಯುತ್ತಿನ ಪರವಾದ ಪ್ರಚಾರ ಜನಕ್ಕೆ ಕರೆಂಟಿನ ಬಳಕೆಯನ್ನು ಕಲಿಸಿತೇ ಹೊರತು ಅದು ತಮ್ಮದೆಂಬ ಭಾವವನ್ನು ಮೂಡಿಸಲಿಲ್ಲ. ಇದಕ್ಕೆ ಒಂದು ಕಾರಣ ವ್ಯವಸ್ಥೆಯಲ್ಲೇ ಇತ್ತು. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯಿಂದ ಮದ್ರಾಸ್ ಸರ್ಕಾರ 1937ರಲ್ಲಿ ವಿದ್ಯುತ್ ತೆಗೆಯತೊಡಗಿತು. ಈ ಸೀಮೆಯ ಪೇಟೆಗಳಲ್ಲಿ ಅದನ್ನು ಹಂಚುತ್ತಿದ್ದುದು ಮಾತ್ರ ಸೇಲಂ–ಈರೋಡ್ ವಿದ್ಯುತ್ ವಿತರಣಾ ಕಂಪನಿ ಎಂಬ ಖಾಸಗಿ ಸಂಸ್ಥೆ. ಮದ್ರಾಸ್ ರಾಜ್ಯ ವಿದ್ಯುತ್ ಮಂಡಳಿ 1957ರಲ್ಲೇ ಹುಟ್ಟಿದರೂ ಇಂಥ ಕಂಪನಿಗಳನ್ನು ವಶಕ್ಕೆ ಪಡೆಯುವ ತಮಿಳುನಾಡಿನ ಕಾಯ್ದೆ ಬಂದದ್ದು 1973ರಲ್ಲಿ. ಅಣೆಕಟ್ಟೆ ಸರ್ಕಾರದ್ದು, ಬಿಲ್ಲು ಕಂಪನಿಯದು ಎನ್ನುವಲ್ಲಿ ‘ನಿಮ್ಮ ವಿದ್ಯುತ್ತು’ ಎಂಬ ಭಾಷಣ ಯಾರ ಕಿವಿಗೆ ತಾಗೀತು? 1902ರ ಶಿವನಸಮುದ್ರದಿಂದಲೇ ಸರ್ಕಾರದ ಕೈಯಲ್ಲಿ ಬೆಳೆದ ಮೈಸೂರಿನ ವಿದ್ಯುತ್ತಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ.

ರೇಡಿಯೊ ಈ ಕೊರತೆ ತುಂಬಲಿಲ್ಲವೇ ಎಂದು ಕೇಳಬಹುದು. ರೇಡಿಯೊಗೆ ಶಕ್ತಿಯಿತ್ತೆಂಬುದು ನಿಜ. 1939ರಲ್ಲಿ ಆರಂಭವಾದ ಆಕಾಶವಾಣಿಯ ತಿರುಚಿರಾಪಳ್ಳಿ ನಿಲಯ 1960ರ ದಶಕದಲ್ಲಿ ಎಡಿಟಿ–27 ಎಂಬ ಭತ್ತದ ತಳಿಯ ಬಗ್ಗೆ ಎಷ್ಟು ಹೇಳಿತೆಂದರೆ ರೈತರು ಅದನ್ನು ‘ರೇಡಿಯೊ ಭತ್ತ’ ಎಂದೇ ಕರೆದರು. ಆದರೆ ಬೀಜ ಬಿತ್ತುವುದು, ಗೊಬ್ಬರ ಹಾಕುವುದು ಕೇಳಿದವನು ಮರುದಿನವೇ ಮಾಡಬಹುದಾದ ಕೆಲಸ. ಒಡೆತನ ಹಾಗಲ್ಲ, ಅದಕ್ಕೆ ವಾದ ಬೇಕು. ಅಮೆರಿಕದಲ್ಲಿ ಬಲಿಷ್ಠ ಖಾಸಗಿ ಕಂಪನಿಗಳು ಎದುರಿಗಿದ್ದುದರಿಂದಲೇ 1932ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋರ್ಟ್‌ಲ್ಯಾಂಡಿನ ಭಾಷಣದಲ್ಲಿ, ಕಂಪನಿಯ ಸೇವೆ ಸಾಲದೆನಿಸಿದ ಊರಿಗೆ ತನ್ನದೇ ವಿದ್ಯುತ್ ವ್ಯವಸ್ಥೆ ಕಟ್ಟಿಕೊಳ್ಳುವ ಹಕ್ಕಿದೆ ಎಂದು ಬಿಡಿಸಿ ವಾದಿಸಬೇಕಾಯಿತು. ಇಲ್ಲಿ ಆಗ ವಿದ್ಯುತ್ ಮಂಡಳಿಯೂ ಸರ್ಕಾರದ್ದು, ಆಕಾಶವಾಣಿಯೂ ಸರ್ಕಾರದ್ದಾಗಿತ್ತು; ಪೇಟೆಯ ಖಾಸಗಿ ಕಂಪನಿ ಹಂಚುತ್ತಿದ್ದುದೂ ಸರ್ಕಾರದ ವಿದ್ಯುತ್ತನ್ನೇ. ಎದುರಾಳಿಯೇ ಇಲ್ಲದ ಕಡೆ ವಾದ ಹರಿತವಾಗುವುದಿಲ್ಲ.

ಹಳ್ಳಿಯ ಬಾವಿಗೆ ತಂತಿ ಬಂದದ್ದೇ ಸಾಕಷ್ಟು ಪ್ರಚಾರ, ಮಾತೇಕೆ ಎನ್ನುವವರ ಆಕ್ಷೇಪವೂ ಉಂಟು. ಒಣ ಧರ್ಮಪುರಿಯಲ್ಲಿ ಪಂಪ್‌ಸೆಟ್ಟಿನ ಬೆಲೆ ಯಾವ ಭಾಷಣಕ್ಕೂ ಕಡಿಮೆಯಲ್ಲ, ಒಪ್ಪೋಣ. ಆದರೆ ತಂತಿ ಗೆದ್ದುಕೊಟ್ಟ ನಂಬಿಕೆ ದರ ಏರುವವರೆಗೆ ಮಾತ್ರ ಉಳಿಯಿತು. ಪಕ್ಕದ ಕೊಯಮತ್ತೂರಿನಲ್ಲಿ 1970ರಲ್ಲಿ ರೈತ ನಾಯಕ ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳತ್ವದಲ್ಲಿ ರೈತರು ಮಂಡಳಿಯ ದರ ಏರಿಕೆಯ ವಿರುದ್ಧ ಬೀದಿಗಿಳಿದರು. ಖಾಸಗಿ ಕಂಪನಿಯಾಗಿದ್ದರೂ ಅವರ ಸಿಟ್ಟು ಬೇರೆ ಬಗೆಯದಾಗಿರುತ್ತಿರಲಿಲ್ಲ. ತಂತಿ ಎಳೆಯುವ ಖರ್ಚೆಷ್ಟು, ನಷ್ಟವನ್ನು ಯಾರು ಹೊರಬೇಕು ಎಂಬ ಲೆಕ್ಕವನ್ನು ಒಡೆಯರೆನಿಸಿಕೊಂಡವರ ಮುಂದೆ ಬಿಡಿಸಿಡದ ಪ್ರಚಾರದ ಫಲವಿದು. 1990ರ ಹೊತ್ತಿಗೆ ತಮಿಳುನಾಡಿನ ರೈತರೆಲ್ಲರಿಗೂ ಪಂಪ್‌ಸೆಟ್ ವಿದ್ಯುತ್ ಉಚಿತವಾದ ಮೇಲಂತೂ ಆ ಲೆಕ್ಕ ರೈತನ ಮನೆಯಿಂದ ಸರ್ಕಾರದ ಸಹಾಯಧನದ ಪಟ್ಟಿಗೆ ಸರಿದುಹೋಯಿತು.