ಹುಟ್ಟಿನಿಂದಲೇ ಸೆರೆಯಾದವರು

ಮದ್ದೂರು ಎಂದೊಡನೆ ಶಿವಪುರದ ಧ್ವಜ ಸತ್ಯಾಗ್ರಹ ನಮ್ಮ ಕಣ್ಮುಂದೆ ನಿಲ್ಲುತ್ತದೆ. 1938ರ ಏಪ್ರಿಲ್ ತಿಂಗಳಲ್ಲಿ ನಿಷೇಧಾಜ್ಞೆಯನ್ನು ಮೀರಿದ ಟಿ. ಸಿದ್ಧಲಿಂಗಯ್ಯ ಮತ್ತು ಅವರ ಸಂಗಡಿಗರು ಸೆರೆಯಾದರು. ಅಂದು ಸೆರೆವಾಸವು ಅವಮಾನವಾಗಲಿಲ್ಲ, ಕೀರ್ತಿಯಾಯಿತು. ಆದರೆ ಅದೇ ಕಾಲದಲ್ಲಿ ಈ ದೇಶದಲ್ಲಿ ಲಕ್ಷಾಂತರ ಜನರು ಯಾವ ಅಪರಾಧವನ್ನೂ ಮಾಡದೆ, ಯಾವ ವಿಚಾರಣೆಯೂ ಇಲ್ಲದೆ, ಕೇವಲ ಹುಟ್ಟಿನ ಕಾರಣದಿಂದ ಬಂಧಿಗಳಾಗಿದ್ದರು. ಅವರ ಸೆರೆಗೆ ನಾವು ಯಾವ ಸ್ಮಾರಕವನ್ನೂ ಕಟ್ಟಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ಸಂತೆಗಳಲ್ಲಿ ಬಿದಿರಿನ ಮೊರ, ಕುಕ್ಕೆ, ಬುಟ್ಟಿಗಳನ್ನು ಮಾರುವ ಕೊರಮ, ಕೊರಚ ಸಮುದಾಯದವರನ್ನು ನೀವು ಕಂಡಿರಬಹುದು. ಈ ಸಮುದಾಯಗಳ ಹಿರಿಯರು ಎತ್ತು, ಕತ್ತೆಗಳ ಮೇಲೆ ಉಪ್ಪನ್ನು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ತಂದು, ಧಾನ್ಯಕ್ಕೆ ವಿನಿಮಯ ಮಾಡುತ್ತಿದ್ದ ವ್ಯಾಪಾರಿಗಳು. ಸಾಮಾನುಗಳು ರೈಲಿನಲ್ಲಿ ಸಾಗತೊಡಗಿದಾಗ, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾದಾಗ, ಅವರ ಬದುಕಿನ ದಾರಿ ಮುಚ್ಚಿತು. 1880ರ ದಶಕದ ಆರಂಭದಲ್ಲಿ ಮದ್ದೂರು, ಮಂಡ್ಯಗಳ ಮೂಲಕ ಮೈಸೂರಿಗೆ ಬಂದ ರೈಲನ್ನು ನಾವು ಪ್ರಗತಿಯೆಂದು ಕರೆಯುತ್ತೇವೆ. ಹೇರೆತ್ತಿನ ವ್ಯಾಪಾರಿಗೆ ಅದು ಏನಾಗಿತ್ತೆಂದು ಕೇಳುವವರು ವಿರಳ.

ವೃತ್ತಿ ಕಳೆದುಕೊಂಡು ಅಲೆಯುವವನು ಆಳುವವರ ಕಣ್ಣಿಗೆ ಕಳ್ಳನಂತೆ ತೋರಿದನು. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಲ್ಲಿದ್ದ ಈ ಕಾಯಿದೆ 1911ರ ಹೊಸ ರೂಪದಲ್ಲಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಸಮುದಾಯದ ಹೆಸರು ಒಮ್ಮೆ ಪಟ್ಟಿಗೆ ಸೇರಿತೆಂದರೆ ಅದರ ಜನರ ಬೆರಳಚ್ಚು ದಾಖಲಾಗುತ್ತಿತ್ತು. ಪೊಲೀಸರ ಮುಂದೆ ಹಾಜರಿ ಹೇಳಬೇಕಿತ್ತು; ಊರು ಬಿಡಲು ಚೀಟಿ ಬೇಕಿತ್ತು.

ಇಲ್ಲಿ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕಾದ ಒಂದು ಅಧ್ಯಾಯವಿದೆ. ಸೆರೆಮನೆಗೆ ಬದಲಾಗಿ ‘ಸುಧಾರಣೆ’ ಎಂಬ ಹೆಸರಿನಲ್ಲಿ ವಸಾಹತುಗಳು ಹುಟ್ಟಿಕೊಂಡವು. ಆಂಧ್ರದ ಸ್ಟುವರ್ಟ್‌ಪುರಂ ವಸಾಹತನ್ನು ನಡೆಸಿದ್ದು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ಶಾಲೆಯಿತ್ತು, ಕೆಲಸವಿತ್ತು, ಔಷಧಿಯಿತ್ತು. ಹಲವರ ಸೇವಾಭಾವವೂ ನಿಜವಾಗಿತ್ತು. ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ತಪ್ಪನ್ನೇ ಮಾಡದವನಿಗೆ ಸುಧಾರಣೆ ಯಾವುದಕ್ಕೆ? ಕರುಣೆಯೂ ಬೀಗ ಹಾಕಿದಾಗ ಸೆರೆಮನೆಯೇ ಆಗುತ್ತದೆ.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಪಟ್ಟಿಯಲ್ಲಿದ್ದವರು ‘ವಿಮುಕ್ತ’ರೆನಿಸಿದರು. ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳು ರಾಜ್ಯಗಳಲ್ಲಿ ಬಂದವು. ನಮ್ಮ ರಾಜ್ಯದ ಕಾಯಿದೆ 1961ರದು. ಕಾಗದದ ಮೇಲಿನ ಕಳಂಕ ಅಳಿದರೂ ಮನಸ್ಸಿನ ಕಳಂಕ ಅಳಿಯಲಿಲ್ಲ. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳ ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರಿಗೆ ನಿರ್ದೇಶಿಸಿತು. ರದ್ದತಿಯಾಗಿ 72 ವರ್ಷಗಳ ನಂತರವೂ ಈ ಮಾತನ್ನು ಹೇಳಬೇಕಾಯಿತೆಂಬುದೇ ಯೋಚಿಸತಕ್ಕ ಸಂಗತಿ.

ಹಾಗಾದರೆ ನಿಜವಾಗಿ ತಪ್ಪು ಮಾಡಿದವನನ್ನು ಏನು ಮಾಡಬೇಕು? ನ್ಯೂಜಿಲೆಂಡ್ 1989ರಲ್ಲಿ ಮಾವೊರಿ ಜನರ ಸಂಪ್ರದಾಯದಿಂದ ಕಲಿತು, ತಪ್ಪು ಮಾಡಿದ ಬಾಲಕ, ಅವನ ಕುಟುಂಬ ಹಾಗೂ ನೊಂದವರು ಒಟ್ಟಿಗೆ ಕುಳಿತು ಪರಿಹಾರ ಹುಡುಕುವ ಪದ್ಧತಿಯನ್ನು ಕಾನೂನಾಗಿಸಿತು. ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಗೂ ‘ತಪ್ಪು ಕಾಣಿಕೆ’ ಎಂಬ ಮಾತು ಹೊಸದಲ್ಲ. ಆದರೆ ಅದೇ ಕಟ್ಟೆ ಬಡವನಿಗೆ ಬಹಿಷ್ಕಾರವನ್ನೂ ವಿಧಿಸಿದೆ, ಹೆಣ್ಣಿನ ಬಾಯಿಯನ್ನೂ ಮುಚ್ಚಿಸಿದೆ. ಆದುದರಿಂದ ಹಳೆಯದೆಲ್ಲವೂ ನ್ಯಾಯವಲ್ಲ. ನಮ್ಮ ಶಾಸನದಲ್ಲೂ ದಾರಿಗಳಿವೆ. 1958ರ ಪರಿವೀಕ್ಷಣಾ ಕಾಯಿದೆ ಸನ್ನಡತೆಯ ಭರವಸೆಯ ಮೇಲೆ ಬಿಡುಗಡೆಗೆ ಅವಕಾಶ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದು ಶಿಕ್ಷೆಗೊಳಗಾದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಿಗುವ ಶಿಕ್ಷೆ ಸೆರೆಯಲ್ಲ, ಸಮುದಾಯ ಸೇವೆ.

ಆದರೆ ಓದುಗರೇ, ಹಿಂದಿರುಗಿಸುವ ಹೊಣೆ ಕದ್ದವನದು ಮಾತ್ರವೇ? ಜಕ್ಕಾಯನು ತಾನು ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟಾಗಿ ಕೊಡಲು ಮುಂದಾದದ್ದನ್ನು ನಾವು ಬಲ್ಲೆವು. ಈ ಚರಿತ್ರೆಯಲ್ಲಿ ಜಕ್ಕಾಯನ ಸ್ಥಾನದಲ್ಲಿ ನಿಂತಿರುವುದು ನಾವು, ಅಂದರೆ ಸಮಾಜ. ಅವರ ವೃತ್ತಿ, ಹೆಸರು, ನೆಲೆ ನಮ್ಮಿಂದ ಕಳೆದುಹೋಗಿವೆ. ಊರಿನಲ್ಲಿ ಕಳವಾದಾಗ ಮೊದಲ ಸಂಶಯ ಯಾರ ಗುಡಿಸಲಿನತ್ತ ಹೋಗುತ್ತದೆ? ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ಮಾತು ನಮ್ಮ ಮನೆಯ ಮಕ್ಕಳ ಬಾಯಿಗೆ ಹೇಗೆ ಬಂದಿತು? ಮುಂದಿನ ಸಂತೆಯಲ್ಲಿ ಆ ಮೊರವನ್ನು ಕೈಗೆತ್ತಿಕೊಂಡಾಗ, ಬೆಲೆ ಇಳಿಸುವ ಮೊದಲು, ನಮ್ಮ ಮೇಲಿರುವ ಈ ಹಳೆಯ ಸಾಲವನ್ನೂ ನೆನೆಯೋಣ.